ಬೀಗ ಹಾಕಿದ್ದು ನಿಮ್ಮ ತಪ್ಪಲ್ಲ

ಆ ದಿನ ನಿಮ್ಮ ಮನೆಯೊಳಗೆ ಮಗುವಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಮೀಕ್ಷೆಯ ಹಾಳೆಯಲ್ಲಿ ‘ಮಕ್ಕಳಿಲ್ಲ’ ಎಂದು ಬರೆದೆ. ಕೇಳಿ ಶರಣಮ್ಮ, ಬರೆದವಳು ನಾನು — ನನ್ನ ಕೈ, ನನ್ನ ಪೆನ್ನು, ಯಾರೂ ಬಲವಂತ ಮಾಡಿರಲಿಲ್ಲ. ಆಮೇಲೆ ನೀವು ಮಗಳನ್ನು ಕರೆದುಕೊಂಡು ಶಾಲೆಗೆ ಬಂದಾಗ, ಮನೆಗೆ ಬೀಗ ಹಾಕಿ ಹೋದದ್ದೇ ತಪ್ಪಾಯಿತು ಎಂದು ನಿಮ್ಮನ್ನು ನೀವೇ ಹಳಿದುಕೊಂಡಿರಿ. ನಾನು ಸುಮ್ಮನೆ ಕೇಳಿಸಿಕೊಂಡೆ. ಈ ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಎಷ್ಟೋ ಸಲ ತೂಗಿ ನೋಡಿದ್ದೇನೆ. ಎರಡನೆಯದೇ ಇರಬೇಕು — ಮೊದಲನೆಯದನ್ನು ಒಂದು ನಿಮಿಷದಲ್ಲಿ ಮಾಡಿದೆ, ಎರಡನೆಯದನ್ನು ಆರು ವರ್ಷ ಮಾಡುತ್ತಲೇ ಇದ್ದೆ.

ನೀವು ಈಗ ಎಲ್ಲಿದ್ದೀರೋ ನನಗೆ ತಿಳಿಯದು. ವರ್ತೂರಿನ ಕಡೆ ಯಾವುದೋ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ಗಂಡ ಹೆಂಡಿರಿಬ್ಬರೂ ಹೋದರೆಂದು ನಿಮ್ಮ ವಠಾರದವರು ಹೇಳಿದರು. ಕಳೆದ ತಿಂಗಳು ಮಾರತ್ತಹಳ್ಳಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೂ ಹೋಗಿ ಬಂದೆ. ಕೆಲಸಗಾರರ ತಗಡಿನ ಶೆಡ್ಡುಗಳ ನಡುವೆ ಛತ್ರಿ ಹಿಡಿದುಕೊಂಡು, ಯಾದಗಿರಿಯ ಶರಣಮ್ಮ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾ ತಿರುಗಿದೆ. ಮೂವರು ಶರಣಮ್ಮಂದಿರು ಸಿಕ್ಕರು. ಮೂವರೂ ನೀವಲ್ಲ. ಒಬ್ಬಾಕೆ ನೀರು ಕೊಟ್ಟು, ಆಕೆ ನಿಮಗೇನಾಗಬೇಕು ಎಂದು ಕೇಳಿದಳು. ಏನು ಹೇಳಲಿ... ಪರಿಚಯದವರು ಎಂದೆ. ಅದೂ ಸುಳ್ಳೇ. ನಾನು ನಿಮ್ಮನ್ನು ನೋಡಿದ್ದು ಒಂದೇ ಒಂದು ಸಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಓದಲು ಬರುವುದಿಲ್ಲ ಎಂದು ಅಂದು ನೀವೇ ಹೇಳಿದ್ದಿರಿ. ಯಾರಾದರೂ ಓದಿ ಹೇಳಿದರೆ ಸಾಕು.

ನಾನು ಯಾರೆಂದು ನಿಮಗೆ ಸರಿಯಾಗಿ ತಿಳಿಯದು, ‘ಟೀಚರಮ್ಮ’ ಅಷ್ಟೆ. ನನ್ನ ಹೆಸರು ಸುಮಿತ್ರಾ. ಅಪ್ಪ ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದರು. ಸೈರನ್ನಿಗೆ ಏಳುವ, ಸೈರನ್ನಿಗೆ ಉಣ್ಣುವ ಮನೆ ನಮ್ಮದು. ಬಾಗಲಗುಂಟೆಯಲ್ಲಿ ಅವರು ಕಟ್ಟಿಸಿದ ಮನೆಯಲ್ಲೇ ಇದ್ದೇನೆ, ಒಬ್ಬಳೇ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಇಡೀ ತುಂಡನ್ನೇ ಅಪ್ಪ ಕಸದ ಡಬ್ಬಕ್ಕೆ ಹಾಕುತ್ತಿದ್ದರಂತೆ. ಆ ಗುಣ ನನಗೂ ಬಂದಿದೆ ಎಂದು ಜಂಭಪಡುತ್ತಿದ್ದೆ. ನನ್ನ ಹಾಜರಿ ಪುಸ್ತಕದಲ್ಲಿ ಒಂದೂ ಚಿತ್ತು ಇರುತ್ತಿರಲಿಲ್ಲ. ಬೇರೆಯವರ ಪುಸ್ತಕದಲ್ಲಿ ಕಂಡರೆ ಎಲ್ಲರೆದುರೇ ಕೊಂಕು ನುಡಿದು ಅವರ ಮುಖ ಇಳಿಸುತ್ತಿದ್ದೆ. ನಿಮ್ಮ ಮನೆಯ ಬಗ್ಗೆ ಬರೆದ ಸುಳ್ಳನ್ನು ಕೂಡ ಚಿತ್ತಿಲ್ಲದೆ, ಮುದ್ದಾದ ಅಕ್ಷರದಲ್ಲೇ ಬರೆದಿದ್ದೇನೆ.

ಕಾರ್ಖಾನೆಗಳ ಬೀದಿಗೆ ಅಂಟಿಕೊಂಡಿರುವ ನಮ್ಮ ಸರ್ಕಾರಿ ಶಾಲೆಯಲ್ಲಿ ಆ ವರ್ಷ ಒಂದೇ ಒಂದು ಕೋಣೆ ಖಾಲಿಯಿತ್ತು. ಹಳೆಯ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆ. ಆದರೆ ಸೂರು ಗಟ್ಟಿ, ಎರಡು ಕಿಟಕಿ, ಒಳ್ಳೆಯ ಬೆಳಕು. ಅದರ ಮೇಲೆ ನನಗೆ ಬಹಳ ದಿನಗಳಿಂದ ಕಣ್ಣಿತ್ತು. ಸುತ್ತಲಿನ ಕಾನ್ವೆಂಟುಗಳ ಹಳದಿ ವ್ಯಾನುಗಳು ನಮ್ಮ ಗೇಟಿನ ಮುಂದೆಯೇ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು, ನಮ್ಮ ಒಂದನೇ ತರಗತಿಗೆ ಮಕ್ಕಳು ಬರುತ್ತಿರಲಿಲ್ಲ. ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿ ಒಂದನ್ನು ತೆರೆದರೆ ಶಾಲೆ ಉಳಿಯುತ್ತದೆ ಎಂದು ನಾನು ಎರಡು ವರ್ಷ ಓಡಾಡಿದ್ದೆ. ಆ ಕೋಣೆಯ ಗೋಡೆಗೆ ಯಾವ ಚಿತ್ರ ಬರೆಸಬೇಕು ಎಂಬುದನ್ನೂ ಯೋಚಿಸಿ ಇಟ್ಟುಕೊಂಡಿದ್ದೆ. ನನಗೆ ಬೇರೆ ಯಾವ ಕನಸೂ ಇರಲಿಲ್ಲ — ಇದನ್ನು ಸಬೂಬಾಗಿ ಹೇಳುತ್ತಿಲ್ಲ, ಹೇಗಾಯಿತೆಂದು ಹೇಳುತ್ತಿದ್ದೇನೆ.

ಅಷ್ಟರಲ್ಲಿ ಶಿಕ್ಷಣ ಇಲಾಖೆಯ ಕಚೇರಿಯಿಂದ ಸೂಚನೆ ಬಂತು. ಶಾಲೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಬುದ್ಧಿ ನಿಧಾನವಿರುವ, ಮಾತು ಬಾರದ, ನಡೆಯಲಾಗದ ಮಕ್ಕಳನ್ನು ಪಟ್ಟಿ ಮಾಡಬೇಕು. ಹತ್ತು ಮಕ್ಕಳು ಸಿಕ್ಕರೆ ಶಾಲೆಯಲ್ಲೇ ಅವರಿಗೊಂದು ವಿಶೇಷ ತರಗತಿ, ಅದಕ್ಕೊಬ್ಬ ಟೀಚರು, ಒಬ್ಬ ಆಯಾ. ಕಡಿಮೆಯಾದರೆ ತರಗತಿಯಿಲ್ಲ, ಯಾರಾದರೂ ಆಗಾಗ ಮನೆಗೇ ಹೋಗಿ ಕಲಿಸುತ್ತಾರೆ. ಈ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿಯ ಹಾಳೆ ಕೊಡುವಾಗ ಹೆಡ್‌ಮೇಷ್ಟ್ರು ರಂಗಸ್ವಾಮಿಯವರು ಕನ್ನಡಕ ಒರೆಸಿಕೊಳ್ಳುತ್ತಾ ಒಂದೇ ಮಾತು ಹೇಳಿದರು.

“ಹತ್ತಾಗ್ಬಿಟ್ರೆ ರೂಮು ಅವರಿಗೇ ಹೋಗತ್ತೆ, ಮೇಡಂ.”

ಅವರು ಸುಳ್ಳು ಬರೆಯಿರಿ ಎನ್ನಲಿಲ್ಲ. ಸಾಧು ಮನುಷ್ಯ, ಇದ್ದದ್ದನ್ನು ಹೇಳಿದರು. ಉಳಿದದ್ದನ್ನು ನಾನೇ ಕೇಳಿಸಿಕೊಂಡೆ.

ಸಮೀಕ್ಷೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ — ನಿಮ್ಮಂಥವರು ಮನೆಯಲ್ಲಿ ಇಲ್ಲದ ಹೊತ್ತನ್ನೇ ಹುಡುಕಿ ಇಟ್ಟ ಹಾಗೆ. ಒಂದು ಮನೆ ಮುಗಿದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮನೆಯ ನಂಬರು ಬರೆದು ಸುತ್ತ ಸೊನ್ನೆ ಹಾಕಬೇಕು. ಸೊನ್ನೆ ಹಾಕಿದ್ದರೆ ಆ ಮನೆ ಮುಗಿಯಿತು, ಮತ್ತೆ ಹೋಗಬೇಕಾಗಿಲ್ಲ. ಬೀಗವಿರುವ ಮನೆಗೆ ಸೊನ್ನೆ ಹಾಕುವ ಹಾಗಿಲ್ಲ. ಇನ್ನೊಂದು ದಿನ ಹೋಗಲೇಬೇಕು. ಈ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಟೀಚರುಗಳಿಗೆ ಅದನ್ನು ಹೇಳಿಕೊಟ್ಟವಳೇ ನಾನು.

ಐದು ದಿನದಲ್ಲಿ ಒಂಬತ್ತು ಮಕ್ಕಳು ಸಿಕ್ಕರು. ನನ್ನ ಮನೆಯಿಂದ ಎರಡು ಬೀದಿ ಆಚೆಗಿರುವ ಜಯಮ್ಮನ ಮಗಳು ಕಾವ್ಯ ಅದರಲ್ಲಿ ಒಬ್ಬಳು. ಒಂಬತ್ತೂ ಹೆಸರು ಬರೆದೆ, ಒಂದನ್ನೂ ಬಿಡಲಿಲ್ಲ. ಬರೆಯುತ್ತಾ ಬರೆಯುತ್ತಾ ಹತ್ತಕ್ಕೆ ಇನ್ನೆಷ್ಟು ಉಳಿಯಿತೆಂದು ಎಣಿಸುತ್ತಿದ್ದೆ. ಆರನೇ ದಿನ ಉಳಿದದ್ದು ಕೊನೆಯ ಬೀದಿ, ಅದರ ಕೊನೆಗೆ ನಿಮ್ಮ ವಠಾರ. ಏಳು ಮನೆ ಸಾಲಾಗಿ, ಶೀಟಿನ ಸೂರು, ಹಿಂದಿನ ಗೋಡೆಗೆ ಒತ್ತಿಕೊಂಡು ತಗಡು ಕತ್ತರಿಸುವ ಕಾರ್ಖಾನೆ. ಆರು ಮನೆ ಮುಗಿಸಿದೆ, ಮಕ್ಕಳೆಲ್ಲ ಶಾಲೆಗೆ ಹೋಗುವವರೇ. ಏಳನೆಯದು ನಿಮ್ಮದು, ಹೊರಗಿನಿಂದ ಬೀಗ.

ಕಾರ್ಖಾನೆಯಲ್ಲಿ ಊಟದ ಹೊತ್ತು, ಮೆಷಿನ್ನು ನಿಂತಿತ್ತು. ರೂಢಿಯಂತೆ ಬಾಗಿಲಿಗೆ ಒಂದು ಸಲ ತಟ್ಟಿದೆ. ಒಳಗಿನಿಂದ ಒಂದು ಸಲ ತಟ್ಟಿದ ಸದ್ದು ಬಂತು. ಲೋಟವೋ ಚಮಚವೋ, ಬಾಗಿಲಿನ ಕೆಳಭಾಗಕ್ಕೆ. ಏನೋ ಉರುಳಿರಬೇಕು ಎಂದುಕೊಂಡು ಎರಡು ಸಲ ತಟ್ಟಿದೆ. ಒಳಗಿನಿಂದ ಎರಡು. ಮೂರು ತಟ್ಟಿದೆ — ಮೂರು. ನಾಲ್ಕಕ್ಕೆ ನಾಲ್ಕು. ಯಾರಮ್ಮಾ ಒಳಗೆ, ಮಾತಾಡು ಎಂದೆ. ಮಾತಲ್ಲದ ಒಂದು ಸ್ವರ ಬಂತು. ಇಪ್ಪತ್ತೆಂಟು ವರ್ಷ ಮಕ್ಕಳ ಜೊತೆ ಇದ್ದವಳಿಗೆ ಅದೇನೆಂದು ಬಿಡಿಸಿ ಹೇಳಬೇಕೆ. ಐದು ತಟ್ಟಿದೆ. ಒಂದು, ಎರಡು... ನಿಂತಿತು. ಯೋಚಿಸುತ್ತಿದ್ದಾಳೆ. ಆಮೇಲೆ ಮೂರು, ನಾಲ್ಕು, ಐದು. ಅದರ ಹಿಂದೆಯೇ ನಗು. ತಾನು ಸರಿಯಾಗಿ ಮಾಡಿದೆ ಎಂದು ಗೊತ್ತಾದ ಮಗುವಿನ ನಗು, ಶರಣಮ್ಮ — ಆ ನಗುವಿಗಾಗಿಯೇ ಟೀಚರುಗಳು ಬದುಕುತ್ತೇವೆ ಎಂದು ನಾನು ಭಾಷಣ ಮಾಡುತ್ತಿದ್ದವಳು.

ಹಾಳೆಯಲ್ಲಿ ಹತ್ತನೆಯ ಗೆರೆ ಖಾಲಿಯಿತ್ತು. ಅಲ್ಲಿ ಎಷ್ಟು ಹೊತ್ತು ನಿಂತೆನೋ... ಬಾಡಿಗೆಯವರು, ಇನ್ನಾರು ತಿಂಗಳಿಗೆ ಬೇರೆ ಕಡೆ ಹೋಗುತ್ತಾರೆ ಎಂದುಕೊಂಡೆ. ಒಂದು ಮಗುವಿಗಾಗಿ ನಲವತ್ತು ಮಕ್ಕಳ ಎಲ್‌ಕೆಜಿ ಬಿಡುವುದೇ ಎಂದುಕೊಂಡೆ. ಒಂದು ಮಗು ಎಂದು ಲೆಕ್ಕ ಹಾಕಿದ್ದೇ ಮೋಸ. ಆ ಹತ್ತನೆಯದು ಬಿಟ್ಟುಹೋದರೆ ಮೊದಲಿನ ಒಂಬತ್ತೂ ಬಿಟ್ಟುಹೋಗುತ್ತವೆ ಎಂದು ನನಗೆ ಗೊತ್ತಿರಲಿಲ್ಲವೇ. ಗೊತ್ತಿತ್ತು. ‘ಮಕ್ಕಳಿಲ್ಲ’ ಎಂದು ಬರೆದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏಳು ಬರೆದು, ಸುತ್ತ ಸೊನ್ನೆ ಹಾಕಿದೆ. ಮೆಟ್ಟಿಲು ಇಳಿಯುವಾಗ ಒಳಗಿನಿಂದ ಮತ್ತೆ ಒಂದು ಸಲ ತಟ್ಟಿದ ಸದ್ದು ಕೇಳಿಸಿತು. ಈ ಸಲ ಆಟ ಶುರು ಮಾಡಿದ್ದು ಅವಳು. ನಾನು ತಿರುಗಿ ತಟ್ಟದೆ ಬಂದುಬಿಟ್ಟೆ.

ಜೂನ್‌ನಲ್ಲಿ ಎಲ್‌ಕೆಜಿ ಶುರುವಾಯಿತು. ಬಲೂನು, ಸಿಹಿ, ಫೋಟೋ. ಶಾಲಾ ಸಮಿತಿಯವರು ಕೋಣೆಯ ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ ‘ಶ್ರೀಮತಿ ಸುಮಿತ್ರಾ ಅವರ ಪರಿಶ್ರಮದ ಫಲ’ ಎಂದು ಬರೆಸಿದರು. ಮದುವೆಯಾಗದವಳು ಶ್ರೀಮತಿ ಹೇಗಾದೆ ಎಂದು ನಾನು ನಕ್ಕೆ, ಎಲ್ಲರೂ ನಕ್ಕರು. ಹೌದು, ನನಗೆ ಸಂತೋಷವಾಗಿತ್ತು. ಆಗಿರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನೀವು ಬಂದಿರಿ. ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಹೊಸ ಫ್ರಾಕು ತೊಡಿಸಿ ಅಂಬಿಕಾಳನ್ನು ಕರೆತಂದಿದ್ದಿರಿ. ಎಂಟು ವರ್ಷದ ಹುಡುಗಿ, ಎಡಗಾಲು ಎಳೆದು ನಡೆಯುತ್ತಿದ್ದಳು, ಎಡಗೈ ಎದೆಗೆ ಮಡಚಿಕೊಂಡಿತ್ತು. ಹೆಡ್‌ಮೇಷ್ಟ್ರು ರಜೆಯಲ್ಲಿದ್ದರು, ಅವರ ಕುರ್ಚಿಯಲ್ಲಿ ನಾನಿದ್ದೆ. ಯಾದಗಿರಿಯಿಂದ ಬಂದದ್ದು, ಗಂಡನದು ಗಾರೆ ಕೆಲಸ, ನಿಮ್ಮದು ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ, ಮಗಳನ್ನು ನೋಡಿಕೊಳ್ಳುವವರಿಲ್ಲದೆ ಒಳಗಿಟ್ಟು ಹೋಗುವುದು, ಮಧ್ಯಾಹ್ನ ಓಡಿಬಂದು ಉಣ್ಣಿಸಿ ಮತ್ತೆ ಓಡುವುದು — ಎಲ್ಲವನ್ನೂ ನಿಂತುಕೊಂಡೇ ಹೇಳಿದಿರಿ. ಕುಳಿತುಕೊಳ್ಳಿ ಎಂದು ನಾನು ಹೇಳಲಿಲ್ಲ. ಅಂಥ ಮಕ್ಕಳಿಗೆ ಶಾಲೆಯಲ್ಲಿ ಜಾಗ ಮಾಡುತ್ತಾರಂತೆ, ಯಾವಾಗ ಕರೆಯುತ್ತೀರಿ ಎಂದು ಕೇಳಿದಿರಿ.

“ನಮ್ಮ ಗ್ವಾಡಿಗಿ ನಂಬರ್ ಬರದು ಹೋಗೀರಲ್ರಿ ಟೀಚರಮ್ಮ. ನಾ ಅದನ್ನ ಅಳಸಾಕ ಬಿಟ್ಟಿಲ್ರಿ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಆ ಗುರುತನ್ನು ನೀವು ಮಗಳಿಗೆ ಶಾಲೆಯಲ್ಲಿ ಜಾಗ ಬರೆದಿಟ್ಟ ಗುರುತು ಎಂದು ತಿಳಿದಿದ್ದಿರಿ. ಮಳೆಯ ಎರಚಲು ಬೀಳದಂತೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಿರಂತೆ. ಹಬ್ಬಕ್ಕೆ ಮನೆಯ ಮಾಲೀಕರು ಸುಣ್ಣ ಹೊಡೆಸುವಾಗ, ಬಣ್ಣದವನ ಕೈ ಹಿಡಿದು ನಿಲ್ಲಿಸಿ, ಅಷ್ಟು ಜಾಗವನ್ನು ಮಾತ್ರ ಬಿಡಿಸಿದ್ದಿರಂತೆ. ಆರು ತಿಂಗಳು ಕಾದು, ಕರೆ ಬಾರದಿದ್ದಾಗ ಕೇಳಿಕೊಂಡು ಹೋಗೋಣವೆಂದು ಬಂದಿದ್ದಿರಿ. ಆ ಸೊನ್ನೆಯನ್ನು ನಾನು ಹಾಕಿದ್ದು ಮತ್ತೆ ಯಾರೂ ನಿಮ್ಮ ಬಾಗಿಲಿಗೆ ಬಾರದಿರಲಿ ಎಂದು.

ಅಷ್ಟರಲ್ಲಿ ಅಂಬಿಕಾ ಮೇಜಿನ ಬಳಿ ಬಂದು ಬಲಗೈ ಬೆರಳಿನಿಂದ ಅದರ ಮೇಲೆ ಒಂದು ಸಲ ತಟ್ಟಿದಳು. ನನ್ನ ಮುಖ ನೋಡಿ, ಕಾದು, ಮತ್ತೆ ತಟ್ಟಿದಳು. ಅವಳು ಕಂಡವರೆದುರೆಲ್ಲ ಹಾಗೇ ಮಾಡುತ್ತಿದ್ದಳೋ, ಅಥವಾ ನನ್ನ ದನಿಯ ಗುರುತು ಹಿಡಿದಳೋ — ಇಂದಿಗೂ ಗೊತ್ತಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

“ಆವತ್ತು ನಾನು ಬಂದು ಬಾಗಿಲು ತಟ್ಟಿದೀನಮ್ಮ. ಬೀಗ ಇತ್ತು, ಯಾರೂ ಇರ್ಲಿಲ್ಲ. ಪಟ್ಟೀಲಿ ಹೆಸರಿಲ್ಲ, ಈಗ ಜಾಗ ಇಲ್ಲ.”

ಇಷ್ಟೇ ಮಾತು. ಏರಿದ ದನಿಯೂ ಅಲ್ಲ. ಜಗಳವಾಡುತ್ತೀರಿ ಎಂದುಕೊಂಡಿದ್ದೆ, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ.

“ಹೌದ್ರಿ, ಕೀಲಿ ಹಾಕಿದ್ದೆ. ಒಳಗ ಇದ್ಲರಿ ಆಕಿ... ನಂದಽ ತಪ್ಪು. ನನ್ನ ಕೈಯಾರೆ ಮಗಳ ಜಾಗ ಕಳದೆ.”

ಆಗಲಾದರೂ ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಮುಂದಿನ ವರ್ಷ ನೋಡೋಣ ಎಂದು ಹೇಳಿ, ಮುಂದಿದ್ದ ಕಾಗದವೊಂದನ್ನು ಓದುವವಳಂತೆ ತಲೆ ತಗ್ಗಿಸಿದೆ. ನೀವು ನನಗೆ ಕೈಮುಗಿದು ಹೋದಿರಿ. ಹೋಗುವಾಗ ಎಲ್‌ಕೆಜಿ ಕೋಣೆಯ ಬಾಗಿಲಲ್ಲಿ ಅಂಬಿಕಾ ನಿಂತುಬಿಟ್ಟಳು. ಒಳಗೆ ಮಕ್ಕಳು ಚಪ್ಪಾಳೆ ತಟ್ಟಿ ಎಣಿಸುತ್ತಿದ್ದರು. ಅವಳನ್ನು ಎಳೆದುಕೊಂಡು ಹೋಗಲು ನಿಮಗೆ ಕಷ್ಟವಾಯಿತು. ಮುಂದಿನ ವರ್ಷ ಸಮೀಕ್ಷೆಯೂ ಬರಲಿಲ್ಲ, ಅಷ್ಟರಲ್ಲಿ ನೀವೂ ಮನೆ ಬಿಟ್ಟಿದ್ದಿರಿ.

ಮನೆಗೇ ಹೋಗಿ ಕಲಿಸುತ್ತೇವೆ ಎಂದರಲ್ಲ, ಆ ಒಂಬತ್ತು ಮಕ್ಕಳಿಗೆ ಕಲಿಸಲು ಬಂದಾಕೆಗೆ ಇನ್ನೂ ಎಷ್ಟೋ ಬಡಾವಣೆಗಳನ್ನು ವಹಿಸಿದ್ದರು. ಪಾಪ, ಬಿಸಿಲಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದಳು, ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಜಯಮ್ಮನ ಕಾವ್ಯ ಕಿಟಕಿಯಲ್ಲಿ ಕುಳಿತು ಸಮವಸ್ತ್ರದ ಮಕ್ಕಳನ್ನು ನೋಡುತ್ತಲೇ ದೊಡ್ಡವಳಾದಳು. ಇದೆಲ್ಲ ನನ್ನ ಕಣ್ಣೆದುರೇ ನಡೆಯಿತು; ನಾನು ದಿನವೂ ಆ ಕಿಟಕಿಯ ಮುಂದೆಯೇ ಶಾಲೆಗೆ ಹೋಗುತ್ತಿದ್ದೆ. ಅವಳು ಕೈ ಬೀಸುತ್ತಿದ್ದಳು, ನಾನೂ ಬೀಸುತ್ತಿದ್ದೆ.

ನಿವೃತ್ತಳಾಗಿ ಮೂರು ವರ್ಷ. ಕೆಲಸವಿದ್ದಾಗ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದದ್ದು ಈಗ ಮಧ್ಯಾಹ್ನದ ಮೌನದಲ್ಲಿ ಎದ್ದು ಬರುತ್ತದೆ. ಗ್ಯಾಸಿನವನು ಬಾಗಿಲು ತಟ್ಟಿದರೆ ಎಷ್ಟು ಸಲ ತಟ್ಟಿದ ಎಂದು ಎಣಿಸುತ್ತೇನೆ. ಕೊನೆಗೆ ಈ ಯುಗಾದಿಗೆ ಜಯಮ್ಮ ಎಂದಿನಂತೆ ಒಬ್ಬಟ್ಟು ತಂದಾಗ ಅವಳಿಗೆ ಹೇಳಿಬಿಟ್ಟೆ. ಪೂರ್ತಿ ಹೇಳಿದೆ. ಒಬ್ಬಟ್ಟನ್ನು ನನ್ನ ತಟ್ಟೆಗೆ ಹಾಕಿ, ತನ್ನ ಡಬ್ಬಿಯನ್ನು ತೊಳೆದು, ಒರೆಸಿ, ತೆಗೆದುಕೊಂಡು ಹೋದಳು. ಆಮೇಲೆ ಬರಲಿಲ್ಲ. ಬೀದಿಯಲ್ಲಿ ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತಿದ್ದ ಹೆಂಗಸರು ಈಗ ಫೋನು ನೋಡಿಕೊಂಡು ದಾಟಿ ಹೋಗುತ್ತಾರೆ. ಒಂಟಿತನ ನನಗೆ ಹೊಸದಲ್ಲ, ಒಬ್ಬಳೇ ಉಂಡು ಒಬ್ಬಳೇ ಮಲಗುವುದು ಅಭ್ಯಾಸವಾಗಿದೆ. ಆದರೆ ಎಲ್ಲರಿಗೂ ಕಾಣಿಸುವ ಹಾಗೆ ಒಬ್ಬಳೇ ಇರುವುದು ಬೇರೆ... ಅದು ಸುಡುತ್ತದೆ. ಸುಡಲಿ.

ಕಚೇರಿಗೂ ಬರೆದುಕೊಟ್ಟೆ. ಅಂದಿನ ಪಟ್ಟಿಯಲ್ಲಿ ಹತ್ತನೆಯ ಹೆಸರು ಅಂಬಿಕಾ, ತಾಯಿ ಶರಣಮ್ಮ, ಬಿಟ್ಟವಳು ನಾನು, ತರಗತಿ ತಪ್ಪಿದ್ದು ನನ್ನಿಂದ ಎಂದು ಸಹಿ ಹಾಕಿದೆ. ಹಳೆಯ ವಿಷಯ, ಈಗ ಇದನ್ನು ಯಾವ ಫೈಲಿಗೆ ಸೇರಿಸುವುದು ಎಂದು ಗುಮಾಸ್ತರು ಚಡಪಡಿಸಿದರು. ಎಲ್ಲಿಗಾದರೂ ಸೇರಿಸಿ ಎಂದು ಅಲ್ಲೇ ನಿಂತು ಮುದ್ರೆ ಹಾಕಿಸಿಕೊಂಡೆ. ಬಾಗಿಲ ಮೇಲಿನ ಹಸಿರು ಅಕ್ಷರಗಳನ್ನು ಅಳಿಸಿರಿ ಎಂದು ಶಾಲೆಗೂ ಬರೆದೆ. ಇನ್ನೂ ಅಳಿಸಿಲ್ಲ.

ಈ ತಿಂಗಳು ಮತ್ತೆ ಸಮೀಕ್ಷೆ ಶುರುವಾಗಿದೆ, ಶಾಲೆಯ ಹಿಂದೆ ಹೊಸದಾಗಿ ಎದ್ದ ಕೋಣೆಗಾಗಿ. ಪಟ್ಟಿ ಹೊಸ ಟೀಚರೊಬ್ಬಳ ಕೈಯಲ್ಲಿದೆ, ಅನಿತಾ ಎಂದು, ಚುರುಕಾದ ಹುಡುಗಿ. ಜೊತೆಗೆ ಬರಲೇ ಎಂದು ಕೇಳಿದೆ. ನನ್ನ ವಿಷಯ ಅವಳ ಕಿವಿಗೂ ಬಿದ್ದಿತ್ತು. ಬನ್ನಿ, ಆದರೆ ಬರೆಯುವುದು ನಾನೇ ಎಂದಳು. ಸರಿಯಾಗಿಯೇ ಹೇಳಿದಳು.

ನಿನ್ನೆ ನಿಮ್ಮ ವಠಾರಕ್ಕೆ ಹೋದೆವು. ಏಳನೆಯ ಮನೆಗೆ ಈಗ ಬೇರೆ ಬಾಡಿಗೆಯವರು, ಬಾಗಿಲಿಗೆ ಬೀಗವಿತ್ತು. ಗೋಡೆಗೆ ಆಮೇಲೆಯೂ ಸುಣ್ಣ ಆಗಿದೆ, ಆದರೆ ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಹಳೆಯ ಬಣ್ಣ ಹಾಗೇ ಉಳಿದಿದೆ. ಸಂಜೆ ಕೇಳಿದಾಗ ಮನೆಯವರಿಗೇ ಅದೇಕೆಂದು ಗೊತ್ತಿರಲಿಲ್ಲ. ಮೊದಲಿನವರು ಬಿಟ್ಟಿದ್ದರು, ಬಣ್ಣದವರೂ ಬಿಡುತ್ತಾ ಬಂದರು. ಹಳದಿಗಟ್ಟಿದ ಪ್ಲಾಸ್ಟಿಕ್ಕಿನಡಿ ಸೀಮೆಸುಣ್ಣದ ಏಳು ಮಸುಕಾಗಿ ಕಾಣುತ್ತದೆ. ನಾನು ಬಾಗಿಲು ತಟ್ಟಿದೆ, ಐದು ಸಲ. ಒಳಗಿನಿಂದ ಏನೂ ಕೇಳಿಸಲಿಲ್ಲ; ಹಿಂದೆ ಮೆಷಿನ್ನು ಓಡುತ್ತಿತ್ತು. ಇಲ್ಲಿ ಯಾರೂ ಇಲ್ಲ, ನಾಳೆ ಬರೋಣ ಎಂದಳು ಅನಿತಾ.

“ನೀವು ಮುಂದಕ್ಕೆ ಹೋಗಿಮ್ಮ. ನಾನು ಇಲ್ಲೇ ಕೂತಿರ್ತೀನಿ.”

ಮೆಟ್ಟಿಲ ಮೇಲೆ ಕುಳಿತೆ. ಊಟದ ಹೊತ್ತಿಗೆ ಮೆಷಿನ್ನು ನಿಂತಾಗ ಇನ್ನೊಂದು ಸಲ ತಟ್ಟಿ, ಬಾಗಿಲಿಗೆ ಕಿವಿಗೊಟ್ಟು ಕೇಳಿದೆ. ಪಕ್ಕದ ಮನೆಯ ಹೆಂಗಸು ಯಾರು ಬೇಕಿತ್ತು ಎಂದು ಕೇಳಿದಳು, ಕಾಯುತ್ತಿದ್ದೇನೆ ಎಂದೆ. ಆರು ಗಂಟೆಗೆ ಗಾರ್ಮೆಂಟ್ಸ್ ಕೆಲಸದಿಂದ ಗಂಡ ಹೆಂಡತಿ ಬಂದರು. ಹೊಸದಾಗಿ ಮದುವೆಯಾದವರು. ಅಪರಿಚಿತ ಮುದುಕಿಯನ್ನು ನೋಡಿ ಗಾಬರಿಯಾದರು. ವಿಷಯ ಹೇಳಿದ ಮೇಲೆ ಬೀಗ ತೆಗೆದು ಒಳಗೆ ಕರೆದರು. ಒಂದೇ ಕೋಣೆ, ಒಂದು ಚಾಪೆ, ಒಲೆ, ಮೂಲೆಯಲ್ಲಿ ಎರಡು ಕೊಡ. ಬಾಗಿಲಿನ ಒಳಭಾಗದಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ಬಣ್ಣ ಎದ್ದು ಸಣ್ಣ ಸಣ್ಣ ಗುಳಿಗಳಾಗಿದ್ದವು. ಬೆರಳಿಟ್ಟು ನೋಡಿದೆ. ಎಣಿಸಲಾಗಲಿಲ್ಲ, ಅಷ್ಟಿದ್ದವು.

ಹೊರಗೆ ಬಂದು ಅನಿತಾಳಿಗೆ ಫೋನ್ ಮಾಡಿ, ಏಳನೇ ಮನೆ ನೋಡಿದೆ, ಮಕ್ಕಳಿಲ್ಲ, ಈಗ ಬರೆದುಕೊಳ್ಳಿ ಎಂದೆ.